ವೈಪರ್ ಬದಲಿಸುವ ಭಾನುವಾರ

ಮೊದಲ ಮಳೆಗೆ ಮುಂಚಿನ ಭಾನುವಾರ ಬಂತೆಂದರೆ ನನ್ನ ಹೆಂಡತಿ ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳುತ್ತಾಳೆ. ಫೋಟೋ ತೆಗೆಯಲು. ಏಕೆಂದರೆ ಆ ದಿನ ನಾನು ಕಾರಿನ ವೈಪರ್ ಬ್ಲೇಡ್ ಬದಲಿಸುತ್ತೇನೆ, ಮತ್ತು ಪ್ರತಿ ವರ್ಷ ಏನಾದರೊಂದು ಆಗಿಯೇ ಆಗುತ್ತದೆ. ನಾನು ಮೈಸೂರಿನವನು, ಮುಂಬಯಿಯ ಭಾಂಡುಪ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ. ಸೇತುವೆಗಳ ನಕ್ಷೆ ಪರಿಶೀಲಿಸುವ ಎಂಜಿನಿಯರು. ಇಂಥವನು ಎರಡು ರಬ್ಬರ್ ಪಟ್ಟಿಗೆ ಮೆಕ್ಯಾನಿಕ್ ಹತ್ತಿರ ಹೋಗುವುದೇ?

ಅಳತೆ

ಮೊದಲ ವರ್ಷ ಹೆಂಡತಿಯ ಹೊಲಿಗೆ ಟೇಪ್ ತೆಗೆದುಕೊಂಡು ಹೋಗಿ ಡ್ರೈವರ್ ಕಡೆಯ ವೈಪರನ್ನು ಮೂರು ಸಲ ಅಳೆದೆ. ಇನ್ನೊಂದನ್ನು ಅಳೆಯಲಿಲ್ಲ. ಕಣ್ಣೂ ಎರಡು, ಕಿವಿಯೂ ಎರಡು, ಎಲ್ಲ ಒಂದೇ ಅಳತೆ ತಾನೇ? ಅಂಗಡಿಯವನು, "ಎರಡೂ ಇದೇ ಸೈಜಾ ಸಾಬ್?" ಎಂದು ಅನುಮಾನದಿಂದ ಕೇಳಿದ. "ನಾನು ಎಂಜಿನಿಯರು" ಎಂದೆ. ಅವನು ಒಂದೇ ಸೈಜಿನ ಎರಡನ್ನು ಕಟ್ಟಿ ಕೊಟ್ಟುಬಿಟ್ಟ.

ತಂದು ಹಾಕಿ, ನೀರು ಚಿಮ್ಮಿಸಿ, ಸ್ವಿಚ್ ಒತ್ತಿದೆ. ಎರಡು ವೈಪರ್‌ಗಳೂ ಜೋರಾಗಿ ಎದ್ದು, ಗಾಜಿನ ನಡುವೆ ಒಂದರ ಮೇಲೊಂದು ಹತ್ತಿ, ಹೆಣೆದುಕೊಂಡು ನಿಂತವು. ವಾಚ್‌ಮನ್ ಓಡಿ ಬಂದು, "ಸಾಬ್, ಇನ್ ಕಾ ತೋ ಝಗಡಾ ಹೋ ಗಯಾ!" ಎನ್ನುತ್ತ ಅವುಗಳ ಜಗಳ ಬಿಡಿಸಿದ.

ಹೆಂಡತಿ ಮಾತ್ರ ಬಹಳ ಗಂಭೀರವಾಗಿ ಹೇಳಿದಳು: "ರೀ, ನೀವು ಪರೀಕ್ಷೆ ಮಾಡಿದ ಸೇತುವೆಗಳು ಎಲ್ಲೆಲ್ಲಿವೆ ಅಂತ ಒಂದು ಪಟ್ಟಿ ಬರೆದುಕೊಡಿ. ನಾವು ಆ ಕಡೆ ಹೋಗೋದು ಬೇಡ."

ಕೊಕ್ಕರೆ

ಮರುವರ್ಷ ಮಗಳು ನೆರವಿಗೆ ಬಂದಳು. ಮುಂಬಯಿಯಲ್ಲೇ ಹುಟ್ಟಿದವಳು; ಹಿಂದಿ ಸಲೀಸು, ಕನ್ನಡ ತಡವರಿಕೆ. ಆ ತಿಂಗಳಷ್ಟೇ ಮಾಟುಂಗದ ಕನ್ನಡ ತರಗತಿಗೆ ಸೇರಿದ್ದಳು, ಮನೆಯಲ್ಲಿ ಬೇರೆ ಭಾಷೆ ಆಡುವುದಿಲ್ಲವೆಂದು ಶಪಥ ಬೇರೆ. ಮೊಬೈಲ್‌ನಲ್ಲಿ ಇಂಗ್ಲಿಷ್ ವಿಡಿಯೋ ನೋಡಿಕೊಂಡು ನನಗೆ ಕನ್ನಡದಲ್ಲಿ ಹೇಳತೊಡಗಿದಳು.

"ಅಪ್ಪಾ, ಮೊದಲು ಕೈ ಎತ್ತಿ."

ಎತ್ತಿದೆ.

"ನಿಮ್ದಲ್ಲ, ವೈಪರ್‌ದು! ಹಾಂ, ಈಗ ಕೊಕ್ಕರೆ ಹತ್ರ ಒತ್ತಿ."

"ಕಾರಿನಲ್ಲಿ ಕೊಕ್ಕರೆ ಎಲ್ಲಿಂದ ಬಂತಮ್ಮ?"

"ಬೆಂಡಾಗಿ ಇದೆ ನೋಡಿ, ಹುಕ್!"

"ಅದು ಕೊಕ್ಕೆ."

"ಇದೂ ಬೆಂಡು, ಕೊಕ್ಕರೆ ಕತ್ತೂ ಬೆಂಡು. ಒತ್ತಿ ಅಪ್ಪಾ!"

ಒತ್ತಿದೆ. ಹಳೆಯದು ಬಂತು, ಹೊಸದು ಟಕ್ಕೆಂದು ಕೂತಿತು. ನಾಲ್ಕನೇ ಮಹಡಿಯ ಕಿಟಕಿಯಿಂದ ಹೆಂಡತಿ, "ಆಯ್ತಾ?" ಎಂದು ಕೂಗಿದಳು. ಮಗಳು ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ, "ಆಯ್ತಮ್ಮಾ! ಅಪ್ಪನ ಹಳೇ ಕೈ ತೆಗೆದು ಹೊಸದು ಹಾಕಿದ್ವಿ!" ಎಂದಳು.

ಮೇಲಿನಿಂದ ಉತ್ತರ ಬಂತು: "ಒಳ್ಳೇದಾಯ್ತು! ಹಳೇದು ಒಂದು ದಿನಾನೂ ತರಕಾರಿ ಹೆಚ್ಚಲಿಲ್ಲ!"

ಶಾಲು

ಬ್ಲೇಡ್ ಬಿಚ್ಚಿದ ಮೇಲೆ ಬರೀ ಕಬ್ಬಿಣದ ಕಡ್ಡಿ ಉಳಿಯುತ್ತದೆ. ಅದು ಕೈಜಾರಿ ಹಿಂದಕ್ಕೆ ಬಡಿದರೆ ಗಾಜು ಒಡೆದಂತೆಯೇ. ಆದ್ದರಿಂದ ಗಾಜಿನ ಮೇಲೆ ದಪ್ಪನೆಯ ಬಟ್ಟೆ ಹಾಸಬೇಕು ಎಂದು ಯಾರೋ ಹೇಳಿದ್ದರು. ಮೂರನೇ ವರ್ಷ ಮನೆಯಲ್ಲಿ ಕೈಗೆ ಸಿಕ್ಕಿದ ದಪ್ಪನೆಯದನ್ನು ತಂದು ಹಾಸಿದೆ. ಕಡ್ಡಿ ನಿಜಕ್ಕೂ ಜಾರಿ ಫಟ್ಟೆಂದು ಬಡಿಯಿತು. ಗಾಜಿಗೆ ಒಂದು ಗೀರೂ ಬೀಳಲಿಲ್ಲ. ನನ್ನ ಮುನ್ನೆಚ್ಚರಿಕೆಗೆ ನಾನೇ ಮೆಚ್ಚಿ ನಿಂತಿದ್ದಾಗ ಹೆಂಡತಿ ಕೆಳಗಿಳಿದು ಬಂದಳು.

"ರೀ, ಅದು ಕನ್ನಡ ಸಂಘದಲ್ಲಿ ನನಗೆ ಹೊದಿಸಿದ ಸನ್ಮಾನದ ಶಾಲು! ಹದಿನೈದು ವರ್ಷ ಹಾಡಿದ್ದಕ್ಕೆ ಕೊಟ್ಟಿದ್ದು. ನಿಮ್ಮ ಕಾರು ಏನು ಹಾಡಿದೆ ಅಂತ ಹೊದಿಸಿದ್ದೀರಿ?"

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ನಾನು, "ಹಳೇ ವೈಪರ್ ಮೂರು ತಿಂಗಳಿಂದ ಕಿರ್ರೋ ಅಂತ ಹಾಡ್ತಾನೇ ಇತ್ತಲ್ಲ" ಎಂದುಬಿಟ್ಟೆ.

ಆ ಸಂಜೆ ಮಾಟುಂಗದಲ್ಲಿ ಅವಳ ಭಾವಗೀತೆ ಕಾರ್ಯಕ್ರಮ. ಅವಳೂ ಮಗಳೂ ಹೊಸ ವೈಪರ್ ಹಾಕಿದ ಕಾರಿನಲ್ಲಿ ಹೋದರು. ನಾನು ಲೋಕಲ್ ರೈಲು ಹಿಡಿದೆ.

ಎರಡನೇ ಮಹಡಿಯ ಧಣಿ

ಕಳೆದ ವರ್ಷ ಮಾತ್ರ ಎಲ್ಲವೂ ಸರಿಯಾಗಿ ನಡೆಯಿತು. ಎರಡು ಬೇರೆ ಬೇರೆ ಅಳತೆ, ಹಳೆಯ ಟವೆಲ್, ಬಾಯಿಗೆ ಬೀಗ. ಬೆಳಿಗ್ಗೆ ಬೇಗ ಇಳಿದು, ನಮ್ಮ ಜಾಗದಲ್ಲಿ ಬೂದು ಕವರ್ ಹೊದ್ದು ನಿಂತಿದ್ದ ಕಾರಿನ ಮುಂದೆ ಕೆಲಸಕ್ಕೆ ನಿಂತೆ. ಕವರನ್ನು ಗಾಜಿನಷ್ಟಕ್ಕೆ ಮಾತ್ರ ಸರಿಸಿದೆ.

ಎರಡನೇ ಮಹಡಿಯ ಕಿಟಕಿಯಲ್ಲಿ ನಮ್ಮ ಧಣಿಗಳು ಚಹಾ ಹಿಡಿದು ನಿಂತಿದ್ದರು. ಉಡುಪಿ ಕಡೆಯವರು, ಕಾಂದಿವಲಿಯಲ್ಲಿ ಸ್ವಂತ ಹೋಟೆಲು; ಅದಕ್ಕೇ ಇಡೀ ಬಿಲ್ಡಿಂಗಿಗೆ ಅವರು ಧಣಿಗಳು. "ಎಂತ ಸರ್, ಬೆಳಿಗ್ಗೆ ಬೆಳಿಗ್ಗೆ?" ಎಂದರು.

"ವೈಪರ್ ಹಾಕ್ತಿದ್ದೀನಿ. ಮಳೆ ಬರುತ್ತಲ್ಲ!"

"ಹೌದೌದು, ಭಾರೀ ಒಳ್ಳೆ ಕೆಲಸ. ಸ್ವಲ್ಪ ಎಡಕ್ಕೆ ಒತ್ತಿ. ಹಾಂ, ಕೂತಿತು ನೋಡಿ!"

ಎರಡೂ ಹತ್ತು ನಿಮಿಷದಲ್ಲಿ ಕೂತವು. ಅಷ್ಟಕ್ಕೇ ಬಿಡದೆ ಗಾಜನ್ನೂ ಸೋಪು ಹಾಕಿ ಒರೆಸಿದೆ. ಓಡಿಸಿ ನೋಡೋಣವೆಂದು ಕೀ ಒತ್ತಿದೆ. ಕುಂಯ್ ಎಂಬ ಸದ್ದು ಬಂತು. ಬಂದದ್ದು ಗೇಟಿನ ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಬೂದು ಕವರಿನೊಳಗಿಂದ.

ಬಿಲ್ಡಿಂಗಿಗೆ ಬಣ್ಣ ಹೊಡೆಯಲು ಬಿದಿರು ಕಟ್ಟುವಾಗ, ಹಿಂದಿನ ದಿನ ನಾನು ಆಫೀಸಿನಲ್ಲಿದ್ದಾಗ, ವಾಚ್‌ಮನ್ ಎರಡೂ ಮನೆಗಳಿಂದ ಕೀ ಪಡೆದು ಕಾರುಗಳನ್ನು ಅದಲುಬದಲು ನಿಲ್ಲಿಸಿದ್ದನಂತೆ. ಕವರನ್ನು ಪೂರ್ತಿ ಎತ್ತಿ ನೋಡಿದೆ. ಅದೇ ಕಂಪನಿ, ಅದೇ ಮಾಡೆಲ್, ಧಣಿಗಳ ನಂಬರು.

"ಧಣಿಗಳೇ, ಇದು ನಿಮ್ಮ ಕಾರು!"

"ನನಗೆ ಗೊತ್ತುಂಟಲ್ಲ ಮಾರಾಯ್ರೆ."

"ಮತ್ತೆ ಹೇಳೋದಲ್ವಾ?"

"ಹೇಳುವ ಅಂತಲೇ ಕಿಟಕಿಗೆ ಬಂದದ್ದು. ನೀವು ಅಷ್ಟು ಪ್ರೀತಿಯಿಂದ ಮಾಡ್ತಾ ಇದ್ದಿರಿ, ನಡುವೆ ಬಾಯಿ ಹಾಕಿ ಯಾಕೆ ಬೇಜಾರು ಮಾಡುವುದು ಅಂತ ಸುಮ್ಮನಾದೆ."

ಕೊನೆಯ ಗುಟುಕು ಚಹಾ ಕುಡಿದು, ಕಿಟಕಿಯಿಂದ ಇನ್ನಷ್ಟು ಬಗ್ಗಿ, ದನಿ ತಗ್ಗಿಸಿ ಕೇಳಿದರು: "ಅಲ್ಲ ಸರ್, ಹಿಂದಿನ ಗಾಜಿಗೂ ಒಂದು ಉಂಟಲ್ಲ? ಅದು ಮುಂದಿನ ಭಾನುವಾರವಾ?"