ಕಿವಿ ಬೀಸದ ಕಂಪ್ಯೂಟರ್

ನನ್ನ ಮೈದುನನಿಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ಹೇಳುತ್ತದೆ. ಸುಳ್ಳು. ಅವನ ತಲೆ ಸರಿಯಾಗಿಯೇ ಇದೆ, ಕಾಡಿನೊಳಗೆ! ಅದನ್ನು ಮನೆಯೊಳಗೆ ತಂದು ಕೂರಿಸಿದ್ದೇ ತಪ್ಪು.

ಮೂವತ್ತು ವರ್ಷ ತೋಲ್ಪೆಟ್ಟಿ ಕಾಡಿನಲ್ಲಿ ವಾಚರ್ ಆಗಿದ್ದವನು. ಲದ್ದಿ ಮುಟ್ಟಿ, ಆನೆ ಹೋಗಿ ಎಷ್ಟು ಹೊತ್ತಾಯಿತು ಅಂತ ಹೇಳುತ್ತಿದ್ದ. ಅದೇ ಕೈಯಲ್ಲಿ ನಮ್ಮನೆ ಲೋಟ ಹಿಡಿಯುತ್ತಿದ್ದ, ಅದು ಬೇರೆ ಮಾತು. ಹೆಂಡತಿ ತೀರಿಕೊಂಡಳು, ಕೆಲಸವೂ ಮುಗಿಯಿತು, ನಮ್ಮ ಮನೆಯ ಮುಂದಿನ ಕೋಣೆಗೆ ಬಂದ. ಬಂದವನು ಸುಮ್ಮನಿದ್ದನೇ? ಕಲ್ಪೆಟ್ಟಕ್ಕೆ ಹೋಗಿ ಒಂದು ಹಳೇ ಕಂಪ್ಯೂಟರ್ ಹೊತ್ತು ತಂದ.

ಯಾಕೆ ಅಂತ ನಾನೂ ಕೇಳಿದೆ. ನಾವು ಮೊದಲಿದ್ದ ಹಾಡಿ, ಅಂದರೆ ನಮ್ಮ ಜನರ ಕೇರಿ, ಕಾಡಿನೊಳಗೆ ಇತ್ತು. ಅಲ್ಲಿಂದ ಸರ್ಕಾರದವರು ನಮ್ಮನ್ನು ರಸ್ತೆ ಬದಿಗೆ ತಂದು ಬಿಟ್ಟು ಬಹಳ ಕಾಲವಾಯಿತು. ಅಲ್ಲಿ ಒಂದೊಂದು ತೊರೆಗೆ, ಬಂಡೆಗೆ, ಮರಕ್ಕೆ ಹೆಸರಿತ್ತು. ಆ ಹೆಸರು ಗೊತ್ತಿರುವವರು ಇನ್ನು ನಾಲ್ಕೈದು ಜನ. ಅವರಲ್ಲಿ ಇಬ್ಬರು ಆಗಲೇ ನನ್ನನ್ನು ನೋಡಿ 'ನೀನು ಯಾರ ಮನೆಯವಳು' ಅಂತ ಕೇಳುತ್ತಾರೆ! ಅಷ್ಟನ್ನೂ ಬರೆದಿಡಬೇಕು, ಅದೂ ಕನ್ನಡದಲ್ಲಿ, ಅನ್ನುವುದು ಇವನ ಹಟ. ಕಾಗದದಲ್ಲಿ ಬರೆಯೋ ಅಂದರೆ ಗೆದ್ದಲು ತಿನ್ನುತ್ತೆ ಅಂದ. ಇವನು ಓದಿದ್ದು ಮಲೆಯಾಳ ಶಾಲೆ. ನಾನು ಗಡಿಯಾಚೆ ಕನ್ನಡ ಸೀಮೆಯ ತವರಿನಲ್ಲಿ ಮೂರನೇ ಕ್ಲಾಸಿನವರೆಗೆ ಕನ್ನಡ ಓದಿದವಳು. ಆದ್ದರಿಂದ ಒತ್ತಕ್ಷರ ತಪ್ಪಿದರೆ ತಿದ್ದುವ ಮೇಷ್ಟ್ರು ನಾನೇ. ದೇಶ ಎಲ್ಲಿಗೆ ಬಂತು ನೋಡಿ!

ಮೊದಲ ವಾರವೇ ಕಂಪ್ಯೂಟರ್ ಹ್ಯಾಂಗ್ ಆಯಿತು. ಅಕ್ಷರ ಮೂಡುತ್ತಾ ಮೂಡುತ್ತಾ ಪಟ್ಟನೆ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಗುಂಡಿ ಒತ್ತುತ್ತಿದ್ದರು, ಬೈಯುತ್ತಿದ್ದರು, ತಲೆಗೆ ಒಂದು ತಟ್ಟುತ್ತಿದ್ದರು. ಇವನು ಏನು ಮಾಡಿದ ಗೊತ್ತೇ? ತಾನೂ ನಿಂತುಬಿಟ್ಟ. ಕೈ ಕೀಬೋರ್ಡಿನ ಮೇಲೆ, ಉಸಿರು ಗಂಟಲಲ್ಲಿ. ಅಲ್ಲಾಡಬೇಡಿ ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದ. ಆನೆ ಕಿವಿ ಬೀಸುವುದನ್ನು ನಿಲ್ಲಿಸಿದರೆ ಅದು ನಮ್ಮನ್ನು ಕೇಳಿಸಿಕೊಳ್ಳುತ್ತಿದೆ ಅಂತ ಅರ್ಥವಂತೆ, ಆಗ ಮನುಷ್ಯ ಮರವಾಗಬೇಕಂತೆ. ನಾನು ಒನಕೆ ಹಿಡಿದುಕೊಂಡು ಬಾಗಿಲಲ್ಲಿ ಮರವಾದೆ. ಒಲೆಯ ಮೇಲೆ ಸಾರು ಮಾತ್ರ ಮರವಾಗಲಿಲ್ಲ, ಉಕ್ಕಿ ಒಲೆ ಆರಿಸಿತು.

ಕೊನೆಗೆ ಸ್ವಿಚ್ ಆರಿಸಿ ಹಾಕಿದರೆ ಬರೆದದ್ದೆಲ್ಲ ಮಾಯ! ನಡುನಡುವೆ ಸೇವ್ ಮಾಡಬೇಕು ಅಂತ ಮೊಮ್ಮಗಳು ಹೇಳಿಕೊಟ್ಟಿದ್ದಳು. ಮಹಾಶಯ ಕೇಳಬೇಕಲ್ಲ. ಡ್ಯೂಟಿ ಮುಗಿಯುವ ಮೊದಲೇ ರಿಜಿಸ್ಟರಿಗೆ ಸಹಿ ಹಾಕುವವನು ಕಳ್ಳ, ಅನ್ನುವುದು ಇವನ ಕಾಡಿನ ಕಾನೂನು. ಸಂಜೆ ಐದಕ್ಕೆ ಸರಿಯಾಗಿ ಸೇವ್, ಅದಕ್ಕೆ ಮೊದಲು ಇಲ್ಲ. ಕಂಪ್ಯೂಟರ್ ನಾಲ್ಕೂವರೆಗೇ ಕೈಕೊಡುತ್ತಿತ್ತು. ಮೂರು ತೊರೆ, ಹನ್ನೊಂದು ಬಂಡೆ, ಒಂದು ಇಡೀ ಗುಡ್ಡ ಹೀಗೆಯೇ ಹೋದವು. ಮರುದಿನ ಕೂತು ನೆನೆಸಿಕೊಂಡರೆ ಹಿಂದಿನ ದಿನ ಬಂದ ಹೆಸರು ಬರುತ್ತಿರಲಿಲ್ಲ. ಅವನ ಮುಖ ನೋಡಿ ನನಗೂ ನಗು ಬರಲಿಲ್ಲ.

ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬತ್ತೇರಿಯ ರಿಪೇರಿ ಅಂಗಡಿಗೆ ಹೋದ. ಆಸ್ಪತ್ರೆಗೆ ಹೊರಟ ಕೂಸು ಅಂದುಕೊಂಡು ಒಬ್ಬಳು ಎದ್ದು ಸೀಟು ಕೊಟ್ಟಳಂತೆ, ಇವನು ಕೂತನಂತೆ! ಅಂಗಡಿಯಲ್ಲಿ ಎರಡು ಗಂಟೆ ಓಡಿಸಿದರು, ಒಂದು ಸಲವೂ ನಿಲ್ಲಲಿಲ್ಲ. ಮನೆಗೆ ತಂದರೆ ಅದೇ ಸಂಜೆ ಹ್ಯಾಂಗ್. ಮತ್ತೆ ಕಂಬಳಿ, ಮತ್ತೆ ಬಸ್ಸು, ಮತ್ತೆ ಅಲ್ಲಿ ಏನೂ ಇಲ್ಲ.

ಹಾಗಾದರೆ ಕಾಯಿಲೆ ಕಂಪ್ಯೂಟರಿಗಲ್ಲ, ಮನೆಗೆ ಅಂತ ತೀರ್ಮಾನಿಸಿದ. ಒಂದು ಪುಸ್ತಕ ತೆಗೆದು ಆನೆ ಲೆಕ್ಕ ಬರೆಯುವ ಹಾಗೆ ಗೆರೆ ಹಾಕಿದ. ನಿಂತ ಹೊತ್ತು, ನಿಲ್ಲದ ಹೊತ್ತು. ಗಾಳಿ ಯಾವ ಕಡೆಯಿಂದ. ಕೋಳಿಗಳು ಎಲ್ಲಿದ್ದವು. ನನಗೂ ಒಂದು ಚೌಕ ಹಾಕಿದ್ದ! ಕದ್ದು ಓದಿದೆ: 'ಅತ್ತಿಗೆ: ಒಳಗೆ. ಸಿಟ್ಟು: ಉಂಟು.' ಮುಂದಿನ ಸಾಲು: 'ಅತ್ತಿಗೆ: ಹಿತ್ತಲು. ಸಿಟ್ಟು: ಉಂಟು.'

ಹತ್ತು ದಿನ ಬರೆದು ಹನ್ನೊಂದನೇ ದಿನ ಪುಸ್ತಕ ಹಿಡಿದು ಅಡುಗೆಮನೆಗೆ ಬಂದು ನಿಂತ. ತಪ್ಪು ಮಾಡಿದ ಆನೆಯನ್ನು ನೋಡುವ ಹಾಗೆ ನನ್ನನ್ನು ನೋಡಿದ.

"ಅತ್ತಿಗೆ, ನೀವು ಕುಟ್ಟಿದಾಗಲೇ ಅದು ನಿಲ್ಲೋದು."

ನಾನು ಪೇಟೆ ಕಾಫಿಪುಡಿ ಕುಡಿಯುವವಳಲ್ಲ. ಹಿತ್ತಲಿನ ಕಾಫಿಬೀಜವನ್ನು ಹುರಿದು, ದಿನಾ ಸಂಜೆ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುತ್ತೇನೆ. ಒರಳಿರುವುದು ಅವನ ಮೇಜಿನ ಹಿಂದಿನ ಗೋಡೆಗೆ ಆನಿಕೊಂಡು. ಅದಕ್ಕೆ ನಾನೇನು ಮಾಡಲಿ?

"ಐವತ್ತು ವರ್ಷದಿಂದ ಕುಟ್ತಿದೀನಿ. ನಿಮ್ಮಣ್ಣನೇ ಹೆದರಲಿಲ್ಲ, ಆ ಡಬ್ಬ ಹೆದರುತ್ತೇನೋ?"

ಅವನು ನೇರ ಹೋಗಿ ಅಂಗಡಿಗೆ ಫೋನ್ ಮಾಡಿದ. ಮರುದಿನ ಅಲ್ಲಿ ರಿಪೇರಿ ಮಾಡುವ ಹುಡುಗಿ ಸ್ಕೂಟರಿನಲ್ಲಿ ಬಂದಳು. ಪುಸ್ತಕ ನೋಡಿ, ನಗದೆ, ಪೆಟ್ಟಿಗೆಯ ಪಕ್ಕ ಬಿಚ್ಚಿ, ಅದನ್ನು ಓಡಲು ಬಿಟ್ಟು, ನನ್ನನ್ನು ಕುಟ್ಟಲು ಹೇಳಿದಳು. ಹತ್ತು ದಿನದ ಸಿಟ್ಟೆಲ್ಲ ಒನಕೆಗೆ ಬಂತು! ಎರಡು ಏಟು, ಏನೂ ಇಲ್ಲ. "ಒನ್ನುಕೂಡಿ, ಅಮ್ಮೂಮ್ಮ" ಅಂದಳು, ಇನ್ನೊಂದು ಏಟು ಅಜ್ಜಿ ಅಂತ. ಮೂರನೇ ಏಟಿಗೆ ಗೋಡೆಯ ಕ್ಯಾಲೆಂಡರ್ ಬಿತ್ತು, ಕಂಪ್ಯೂಟರ್ ನಿಂತಿತು. ಮೈದುನ ಅಭ್ಯಾಸದಂತೆ ಮರವಾದ.

ಅವಳು ಸ್ವಿಚ್ ಆರಿಸಿ ಒಳಗಿಂದ ಗೇಣುದ್ದದ ಹಸಿರು ಪಟ್ಟಿಯೊಂದನ್ನು ತೆಗೆದಳು. ರ‍್ಯಾಮ್ ಅಂತೆ. ಅದನ್ನು ಹಿಡಿದಿಡುವ ಕೊಕ್ಕೆ ಮುರಿದಿತ್ತು, ಗೋಡೆ ಅದುರಿದಾಗಲೆಲ್ಲ ಪಟ್ಟಿ ಸಡಿಲವಾಗುತ್ತಿತ್ತು. ಅಂಗಡಿಯಲ್ಲಿ ಕಾಫಿ ಕುಟ್ಟುವವರು ಯಾರಿದ್ದಾರೆ? ಪಕ್ಕದಲ್ಲೇ ಇನ್ನೊಂದು ಸಂದು ಖಾಲಿ ಇತ್ತು, ಅಲ್ಲಿಗೆ ಒತ್ತಿ ಕೂರಿಸಿದಳು. ನಾನು ಮತ್ತೆ ಕುಟ್ಟಿದೆ. ಇಪ್ಪತ್ತು ಏಟಿಗೂ ಅದು ಜಪ್ಪೆನ್ನಲಿಲ್ಲ. ಅವಳು ಅದೇ ಪುಡಿಯ ಕಾಫಿ ಕುಡಿದು ಹೋದಳು.

ತಿಂಗಳೊಪ್ಪತ್ತಿನಲ್ಲಿ ಬರೆದು ಮುಗಿಸಿದ. ಕೊನೆಯ ದಿನ ಕಾಗುಣಿತ ನೋಡಲು ನನ್ನನ್ನು ಕೂರಿಸಿದ. ನಾನು ಬೆರಳಿಟ್ಟು ಅಕ್ಷರ ಕೂಡಿಸುತ್ತಾ ಬಂದೆ. ಹೊಂಗೆಮಡು. ಜೇನುಬಂಡೆ. ಅದರ ಕೆಳಗೆ ಹೀಗಿತ್ತು:

'ಅತ್ತಿಗೆ ಕಲ್ಲು. ತೊರೆಯ ಈಚೆ ದಡ. ಅತ್ತಿಗೆ ಹೊಸದಾಗಿ ಬಂದಾಗ ತವರು ನೆನೆದು ಅಳಲು ಕೂರುತ್ತಿದ್ದ ಜಾಗ. ಸಂಜೆ ಆನೆ ನೀರಿಗೆ ಇಳಿಯುವ ದಾರಿ. ಅವರಿಗೆ ತಿಳಿಯದಂತೆ ಮತ್ತಿಮರದ ಮೇಲೆ ನನ್ನ ಕಾವಲು. ಒಟ್ಟು ಹತ್ತೊಂಬತ್ತು ದಿನ.'

ನಾನು ಅಳುವ ಹೆಂಗಸಲ್ಲ. ಅತ್ತದ್ದು ಗಂಡನಿಗೂ ಗೊತ್ತಿಲ್ಲ. ಮುಖ ತೊಳೆದುಕೊಂಡೇ ಮನೆಗೆ ಹೋಗುತ್ತಿದ್ದೆ. ಆ ಕಲ್ಲಿಗೆ ಹೆಸರಿದೆ ಅನ್ನುವುದೇ ನನಗೆ ತಿಳಿದಿರಲಿಲ್ಲ.

ಮೊಮ್ಮಕ್ಕಳು ಇದನ್ನು ಓದಿದರೆ ನಾಳೆ ನನ್ನ ಬೈಗುಳಕ್ಕೆ ಯಾರು ಹೆದರುತ್ತಾರೆ? ಅಳಿಸು ಅನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಇದನ್ನ ಇನ್ನೆರಡು ಕಡೆ ಇಡಪ್ಪ. ಆ ಡಬ್ಬ ಒಂದನ್ನೇ ನಂಬಬ್ಯಾಡ."