ಅರವತ್ತಮೂರು ಪಾಯಿಂಟು

ಒಡಿಲೋನ್ ಟೆಲಿಸ್ ಇಪ್ಪತ್ತೆರಡು ವರ್ಷ ರೇಸ್ ಕಾರು ಓಡಿಸಿದ್ದರೂ ಯಾವ ಋತುವಿನಲ್ಲೂ ಅರವತ್ತಮೂರು ಪಾಯಿಂಟು ಗಳಿಸಿದವನಲ್ಲ. ಸಂಚಾರ ಇಲಾಖೆ ಅಷ್ಟನ್ನೂ ಒಂದೇ ಲಕೋಟೆಯಲ್ಲಿ ತುಂಬಿ, ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ಅವನ ಮನೆ ಬಾಗಿಲಿಗೆ ಕಳಿಸಿಕೊಟ್ಟಿತು.

ಕಾಗದ ಒಡೆದು ಓದಿದವಳು ಹೆಂಡತಿ ಲಿಂದಾಲ್ವಾ. "ಏನ್ರೀ ಇದು? ನಿಮ್ಮ ಲೈಸೆನ್ಸ್ ಅಮಾನತು ಮಾಡಿದಾರಂತೆ. ಒಂಬತ್ತು ತಪ್ಪು, ಒಂದೊಂದಕ್ಕೂ ಏಳೇಳು ದಂಡದ ಪಾಯಿಂಟು."

"ಯಾರ ಲೈಸೆನ್ಸು? ನಂದಾ? ನಾನು ಊರೊಳಗೆ ನಲವತ್ತು ದಾಟಿದ್ದು ಯಾವತ್ತಾದ್ರೂ ನೋಡಿದ್ದೀಯಾ ನೀನು?"

"ಇಲ್ಲಪ್ಪ. ಅದಕ್ಕೇ ಅಲ್ವಾ ನಾನು ಶಾಲೆಗೆ ಬಸ್ಸಲ್ಲಿ ಹೋಗೋದು," ಎಂದವಳೇ ಚೀಲ ಹೆಗಲಿಗೇರಿಸಿ, ಮಕ್ಕಳಿಗೆ ಪಾಠ ಹೇಳಲು ಹೊರಟುಹೋದಳು.

ರೇಸಿನವನು, ಆ ಕಡೆಯ ಮಾತಿನಲ್ಲಿ ಪೈಲಟ್, ಊರೊಳಗೂ ಹಾರಿಸಿಕೊಂಡೇ ಹೋಗುತ್ತಾನೆ ಎಂದುಕೊಂಡವರಿಗೆ ಒಡಿಲೋನನ ಪರಿಚಯ ಇಲ್ಲ. ಓಡುವ ಕಾರು ಗೋಡೆಗೆ ಗುದ್ದಿದರೆ ಏನಾಗುತ್ತದೆ ಎಂದು ಅವನಿಗೆ ಇಡೀ ಗೋಯಾನಿಯಾ ನಗರಕ್ಕಿಂತ ಚೆನ್ನಾಗಿ ಗೊತ್ತು. ಟ್ರ್ಯಾಕಿನ ಮೇಲೂ ಅವನದು ಜೋಪಾನದ ಕೈ. ಹನ್ನೊಂದನೇ ವಯಸ್ಸಿಗೆ ಪುಟಾಣಿ ಕಾರ್ಟ್ ಹತ್ತಿದವನು, ಆಮೇಲೆ ಹದಿನಾರು ವರ್ಷ, ಹೊರಗಿನಿಂದ ಮಾಮೂಲಿ ಕಾರಿನಂತೆಯೇ ಕಾಣುವ ಸ್ಟಾಕ್ ಕಾರಿನಲ್ಲಿ ಕೂತ. ಕಾಸ್ಕವೆಲ್ ಟ್ರ್ಯಾಕಿನಲ್ಲಿ ಮಳೆ ಬಂದ ದಿನ, ಮುಂದಿದ್ದ ಐವರೂ ಒಬ್ಬರಿಗೊಬ್ಬರು ಗುದ್ದಿಕೊಂಡು ನಿಂತಾಗ, ಒಂದು ಸಲ ಗೆದ್ದ. ಉಳಿದಂತೆ ಆರನೆಯವನು, ಏಳನೆಯವನು. ನಡುವೆ ಆರು ವರ್ಷ ಸ್ಪೋರ್ಟ್ಸ್ ಕಾರಿನ ಸಹಿಷ್ಣುತಾ ರೇಸುಗಳು. ಒಂದು ಕಾರನ್ನು ಮೂವರು ಸರದಿಯಲ್ಲಿ ಹನ್ನೆರಡು ಗಂಟೆ ಓಡಿಸುವ ಆ ರೇಸಿನಲ್ಲಿ ನಡುವಿನ ಸರದಿ ಯಾವಾಗಲೂ ಇವನಿಗೆ, ಏಕೆಂದರೆ ಒಂದು ಗೀರೂ ಬೀಳದಂತೆ ಕಾರನ್ನು ಹಿಂತಿರುಗಿಸುತ್ತಿದ್ದ. ಮನೆಯ ಒಳ್ಳೆಯ ಪಿಂಗಾಣಿ ಬಟ್ಟಲನ್ನು ತೊಳೆಯಲು ಯಾರ ಕೈಗೆ ಕೊಡುತ್ತೇವೋ ಅಂಥವನು.

ಈಗ ನಲವತ್ತಾರು ವರ್ಷ. ಹಳೆಯ ತಂಡ ಕೈಬಿಟ್ಟಿತ್ತು. ಮುಂದಿನ ಋತುವಿಗೆ ಸೀಟು ಸಿಗುವುದಿದ್ದರೆ ಅದು ಒಂದೇ ಕಡೆ, ದನಗಳಿಗೆ ಖನಿಜದ ಉಪ್ಪು ಮಾರುವ ಡಾಕ್ಟರ್ ಬೆಲಾರ್ಮಿನೊ ಅವರ ಹೊಸ ತಂಡದಲ್ಲಿ. ಆತ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಅಷ್ಟು ದನ ಇರುವವರನ್ನು ಆ ಕಡೆ ಡಾಕ್ಟರ್ ಅಂತಲೇ ಕರೆಯುತ್ತಾರೆ.

ಲಕೋಟೆ ಇನ್ನೂ ಕೈಯಲ್ಲಿರುವಾಗಲೇ ಅವರ ಕಚೇರಿಯಿಂದ ಫೋನು ಬಂತು. "ಒಡಿಲೋನ್ ಅವ್ರೇ, ಕರಾರು ಮಾಡ್ಕೊಳ್ಳೋಕೆ ಮುಂಚೆ ಡಾಕ್ಟರು ನಿಮ್ಮ ಲೈಸೆನ್ಸಿನ ದಾಖಲೆ ತರಿಸಿ ನೋಡಿದ್ರು. ಮಧ್ಯಾಹ್ನ ನಾಲ್ಕಕ್ಕೆ ಬರ್ಬೇಕಂತೆ."

"ಕೋಪ ಬಂದಿದೆಯಾ?"

"ಗೊತ್ತಾಗ್ತಿಲ್ಲ. ಮುಖ ಕೆಂಪಗಾಗಿದೆ. ಎರಡು ಸಲ ಮೇಜು ಗುದ್ದಿದ್ರು. ಆ ಕಾಗದ ಹಿಡ್ಕೊಂಡು ಶತಪಥ ಹಾಕ್ತಿದಾರೆ."

ಒಡಿಲೋನ್ ಲಕೋಟೆಯಿಂದ ತಪ್ಪುಗಳ ಪಟ್ಟಿಯನ್ನು ಹೊರತೆಗೆದ. ಕುರ್ಚಿಯಲ್ಲಿ ಕೂತು ಓದಿದ. ಒಂದು ತಪ್ಪು, ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದ್ದು. ಅವನ ಬಳಿ ಬೈಕೇ ಇಲ್ಲ. ಎರಡು ತಪ್ಪು, ಫುಟ್‌ಪಾತಿನ ಮೇಲೆ ಕಾರು ಹತ್ತಿಸಿ ಓಡಿಸಿದ್ದು. ಉಳಿದ ಆರು ಅತಿವೇಗ, ಅದೂ ಅರವತ್ತರ ರಸ್ತೆಯಲ್ಲಿ ನೂರಾ ಹದಿನೆಂಟು. ಆ ಆರೂ ಒಂದೇ ಕಾರಿನವು. ನಂಬರ್ ನೋಡಿದರೆ ಎಲ್ಲೋ ನೋಡಿದ ನೆನಪು. ಎಲ್ಲಿ ಅಂದರೆ, ಕಿಟಕಿಯಿಂದ ಬಗ್ಗಿದರೆ ಕಾಣುತ್ತಿದ್ದ ಕೆಂಪು ಕಾರಿನ ಮೇಲೆ. ಕೆಳಮನೆಯ ದೋನಾ ಜುಲ್ಮೀರಾ ಅವರ, ಅಂದರೆ ಜುಲ್ಮೀರಮ್ಮನವರ ಕಾರು. ವಯಸ್ಸು ಎಪ್ಪತ್ತೊಂದು, ನಿವೃತ್ತ ಗಣಿತದ ಟೀಚರು.

ದಡದಡ ಕೆಳಗಿಳಿದ. ಕಟ್ಟಡದ ಕಾರ್ಯದರ್ಶಿ ಕ್ಲೊದೊಮೀರ್ ಪೈಪು ಹಿಡಿದು ಅಂಗಳ ತೊಳೆಯುತ್ತಿದ್ದ. ದೋನಾ ಜುಲ್ಮೀರಾ ಪಕ್ಕದಲ್ಲಿ ನಿಂತು ಎಲ್ಲಿ ತೊಳೆದದ್ದು ಸಾಲದು ಎಂದು ತೋರಿಸುತ್ತಿದ್ದರು. ಎದುರಿನ ಬೇಕರಿಯ ನೆಸ್ತೋರ್ ಚೀಸಿನ ಬನ್ನು ಕೊಡಲು ಬಂದವನು ಮಾತಿಗೆ ನಿಂತಿದ್ದ. ಬೈಕು ಗೇಟಿಗೆ ಒರಗಿತ್ತು. ಹೆಲ್ಮೆಟ್ಟಿನ ಸುಳಿವಿರಲಿಲ್ಲ.

"ಇದೇನಿದು?" ಎಂದು ಒಡಿಲೋನ್ ಪಟ್ಟಿಯನ್ನು ಮೂವರ ಮುಖಕ್ಕೂ ಹಿಡಿದ. "ನಿಮ್ಮ ದಂಡದ ಪಾಯಿಂಟೆಲ್ಲ ನನ್ನ ಲೈಸೆನ್ಸಿಗೆ ಹೇಗೆ ಬಂತು?"

"ಹೇಗೆ ಅಂದ್ರೆ? ಕಾರು ಓಡಿಸ್ತಿದ್ದೋರು ಬೇರೆ ಅಂತ ಅರ್ಜಿ ಕೊಟ್ರೆ ಪಾಯಿಂಟು ಅವರಿಗೆ ಹೋಗತ್ತೆ," ಎಂದ ಕ್ಲೊದೊಮೀರ್, ಪೈಪು ತಿರುಗಿಸದೆ. "ನಿನ್ನ ಲೈಸೆನ್ಸಿನ ನಕಲು ನನ್ನ ಕಡತದಲ್ಲಿತ್ತು. ಸಹಿ ನೀನೇ ಹಾಕಿಕೊಟ್ಟೆ."

"ನಾನಾ? ಯಾವಾಗ?"

"ಜೂನಲ್ಲಿ ಮಗಾ," ಎಂದರು ದೋನಾ ಜುಲ್ಮೀರಾ. "ಸಂತ ಜೊವಾವ್ ಹಬ್ಬದ ದಿನ. ಬೆಂಕಿ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ಯಲ್ಲ, ಎಲ್ರೂ ಸಾಲಲ್ಲಿ ನಿಂತು ಸಹಿ ಹಾಕಿಸ್ಕೊಂಡ್ವಲ್ಲ."

ಒಡಿಲೋನನಿಗೆ ಆ ಸಂಜೆ ನೆನಪಾಯಿತು. ಮರೆಯುವಂಥದ್ದೂ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಹಸ್ತಾಕ್ಷರಕ್ಕೆಂದು ಜನ ಸಾಲು ನಿಂತದ್ದು ಅದೊಂದೇ ಸಲ. ದೋನಾ ಜುಲ್ಮೀರಾ ಒಬ್ಬರೇ ಆರು ಸಲ ಸಾಲಿನಲ್ಲಿ ಬಂದಿದ್ದರು. ಮೊಮ್ಮಕ್ಕಳಿಗೆ ಇರಬೇಕು ಎಂದುಕೊಂಡು, ಮಡಿಸಿದ ಕಾಗದ ಬಿಚ್ಚಿ ನೋಡದೆ ಸಹಿ ಹಾಕಿದ್ದ. ಆ ರಾತ್ರಿ ಲಿಂದಾಲ್ವಾಳಿಗೆ, "ಜನ ನನ್ನನ್ನ ಮರೆತಿಲ್ಲ ಕಣೇ," ಎಂದೂ ಹೇಳಿದ್ದ. ಈಗ ಅವಮಾನದಿಂದ ಕಿವಿ ಬಿಸಿಯಾಯಿತು.

"ನೋಡಪ್ಪ, ನೀನು ಪೈಲಟ್," ಎಂದು ನೆಸ್ತೋರ್ ಸಮಾಧಾನಕ್ಕೆ ಬಂದ. "ನಿನ್ನ ಲೈಸೆನ್ಸಲ್ಲಿ ನಾಲ್ಕು ಪಾಯಿಂಟ್ ಇದ್ರೆ ಯಾರೂ ತಪ್ಪು ತಿಳ್ಕೊಳಲ್ಲ. ಬ್ರೆಡ್ ಮಾರೋನ ಲೈಸೆನ್ಸಲ್ಲಿದ್ರೆ ನಾಚ್ಕೆ."

"ನಾಲ್ಕಲ್ಲಯ್ಯ, ಅರವತ್ಮೂರು!"

"ಋತುವಿಗೆ ಅಷ್ಟು ಬಂದಿದ್ರೆ ಚಾಂಪಿಯನ್ ಆಗ್ತಿದ್ದೆ," ಎಂದ ಕ್ಲೊದೊಮೀರ್.

ಒಡಿಲೋನನಿಗೆ ಮೈ ಪರಚಿಕೊಳ್ಳುವಂತಾಯಿತು. ಆದರೂ ಹಲ್ಲು ಕಚ್ಚಿ, ನಾಲ್ಕು ಗಂಟೆಯ ವಿಷಯ ಬಿಡಿಸಿ ಹೇಳಿದ. ತಪ್ಪು ಮಾಡಿದವರು ತಾವೇ ಎಂದು ಮೂವರೂ ನೋಟರಿ ಕಚೇರಿಯಲ್ಲಿ ಬರೆದುಕೊಟ್ಟರೆ ಮಾತ್ರ ಸೀಟು ಉಳಿಯುತ್ತದೆ, ಇಲ್ಲದಿದ್ದರೆ ಅವನ ಓಟ ಇಲ್ಲಿಗೆ ಮುಗಿಯಿತು. ಮೂವರೂ ನೆಲ ನೋಡಿದರು. ಪೈಪಿನ ನೀರು ಒಡಿಲೋನನ ಬೂಟಿನೊಳಗೆ ಹರಿಯಿತು.

ಮೊದಲು ಕರಗಿದವರು ದೋನಾ ಜುಲ್ಮೀರಾ. "ಇವನು ರೇಸ್ ಬಿಟ್ರೆ ಭಾನುವಾರ ನಾನು ಟಿವಿ ಮುಂದೆ ಕೂತು ಯಾರನ್ನ ಬೈಲಿ? ನಡೀರಿ, ಬರ್ಕೊಟ್ಟು ಬರೋಣ. ಕ್ಲೊದೊಮೀರ್, ಪೈಪ್ ನಿಲ್ಸು. ನೆಸ್ತೋರ್, ಆ ಬನ್ನು ತಗೋ, ದಾರಿಗಾಗತ್ತೆ."

ಹೊರಟಾಗ ಗಂಟೆ ಎರಡು. ಯಾಕೆ ಅಷ್ಟು ಹೊತ್ತು ಅಂದರೆ, ಕ್ಲೊದೊಮೀರ್ ಊಟ ಆಗದೆ ಸಹಿ ಹಾಕುವವನಲ್ಲ, ಪೆಕಿ ಹಣ್ಣು ಹಾಕಿದ ಅನ್ನ ಬೇಗ ಬೇಯುವುದಲ್ಲ.

ಕಾರು ಓಡಿಸುವವರು ಯಾರು ಎಂಬ ಪ್ರಶ್ನೆಯೂ ಎದ್ದಿತು. ಒಡಿಲೋನ್ ಮುಟ್ಟುವಂತಿಲ್ಲ, ಲೈಸೆನ್ಸ್ ಅಮಾನತಾಗಿದೆ. ಕ್ಲೊದೊಮೀರನ ಕಾರಿನ ಬ್ಯಾಟರಿ ಸತ್ತಿದೆ. ನೆಸ್ತೋರನ ಬೈಕಿನಲ್ಲಿ ನಾಲ್ವರು ಹಿಡಿಯುವುದಿಲ್ಲ. ಒಬ್ಬರ ಲೈಸೆನ್ಸ್ ಮಾತ್ರ ಒಂದು ಚುಕ್ಕೆಯೂ ಇಲ್ಲದೆ ಹೊಳೆಯುತ್ತಿತ್ತು.

"ಕಾರ್ ಹತ್ತು ಮಗಾ," ಎಂದರು ದೋನಾ ಜುಲ್ಮೀರಾ, ಕನ್ನಡಕ ಒರೆಸಿಕೊಳ್ಳುತ್ತಾ.

ಗೋಯಾನಿಯಾದಲ್ಲಿ ರಸ್ತೆಗಳಿಗಿಂತ ವೃತ್ತಗಳೇ ಹೆಚ್ಚು. ಒಂದೊಂದು ವೃತ್ತ ಬಂದಾಗಲೂ ಒಡಿಲೋನ್ ಕಾಲಿನಿಂದ ಇಲ್ಲದ ಬ್ರೇಕನ್ನು ಒತ್ತಿದ. ಹಿಂದಿನ ಸೀಟಿನಲ್ಲಿ ನೆಸ್ತೋರ್ ಸಂತರ ಹೆಸರನ್ನು ಒಂದೊಂದಾಗಿ ಕರೆಯುತ್ತಿದ್ದ. ಬನ್ನುಗಳು ಕ್ಲೊದೊಮೀರನ ತೊಡೆಯಿಂದ ಎದ್ದು ಗಾಜಿಗೆ ಬಡಿದವು.

"ನಿಧಾನ! ದೋನಾ ಜುಲ್ಮೀರಾ, ನಿಧಾನ!"

"ಕಾಲ್ ತೆಗಿ ಮಗಾ, ನೆಲ ತೂತು ಮಾಡ್ತೀಯ. ಇಷ್ಟು ಹೆದರಿಕೆ ಇಟ್ಕೊಂಡು ರೇಸ್ ಹೇಗಯ್ಯಾ ಓಡಿಸ್ತೀಯ? ಅದಕ್ಕೇ ಆರನೇದು!"

ಹೆದರಿಕೆಯ ನಡುವೆಯೂ ಒಡಿಲೋನನ ಕಣ್ಣು ಒಂದು ವಿಷಯ ಗಮನಿಸಿತ್ತು. ಮುದುಕಿ ಹೊರಗಿನಿಂದ ನುಗ್ಗಿ, ವೃತ್ತದ ಒಳ ಅಂಚನ್ನು ಕೂದಲೆಳೆಯಷ್ಟು ಬಿಟ್ಟು ಸವರಿಕೊಂಡು, ಮತ್ತೆ ಹೊರಕ್ಕೆ ತೇಲಿಬಿಡುತ್ತಿದ್ದರು. ಆ ಗೆರೆ ಅವನಿಗೆ ಕೈಗೂಡಲು ಒಂಬತ್ತು ವರ್ಷ ಬೇಕಾಗಿತ್ತು. ಇದರಿಂದ ಅವನ ಸಿಟ್ಟು ಇನ್ನಷ್ಟು ಏರಿತು.

ನೋಟರಿ ಕಚೇರಿಯ ಗುಮಾಸ್ತೆ ಒಂಬತ್ತು ಪತ್ರಗಳಿಗೆ ಒಂಬತ್ತು ಮುದ್ರೆ ಒತ್ತಿದಳು. ಕೊನೆಗೆ, "ಈ ಕಾರುಗಳನ್ನು ನಾನು ಓಡಿಸಿಲ್ಲ" ಎಂಬ ಒಡಿಲೋನನ ಪತ್ರ ತೆಗೆದುಕೊಂಡು, ಕಚೇರಿಯ ಹಳೆಯ ಕಾರ್ಡಿನಲ್ಲಿದ್ದ ಸಹಿಯ ಜೊತೆ ಹೋಲಿಸಿದಳು.

"ಈ ಸಹಿ ನಿಮ್ದಲ್ಲ."

"ನಂದೇ ಅಮ್ಮಾ. ನಿಮ್ಮ ಎದುರಿಗೇ ಹಾಕಿದ್ನಲ್ಲ!"

"ಹಾಕಿದ್ದು ನೀವೇ ಇರಬಹುದು. ಆದ್ರೆ ಸಹಿ ನಿಮ್ದಲ್ಲ. ಕಾರ್ಡಲ್ಲಿ ಬಾಲ ಇಲ್ಲ, ಇದಕ್ಕೆ ಇಷ್ಟುದ್ದ ಬಾಲ."

"ಅದು ಹಸ್ತಾಕ್ಷರ ಕೊಟ್ಟೂ ಕೊಟ್ಟೂ ಬಂದಿರೋ ಬಾಲ. ನಾನು ಪೈಲಟ್."

ಗುಮಾಸ್ತೆ ಮೊದಲ ಸಲ ಮುಖವೆತ್ತಿ ನೋಡಿದಳು. "ಹೌದಾ! ಫಾರ್ಮುಲಾ ಒನ್ನಾ?"

"ಅಲ್ಲ. ಸ್ಟಾಕ್ ಕಾರ್."

"ಓ," ಎಂದು ಅವಳು ಮತ್ತೆ ತಲೆ ತಗ್ಗಿಸಿದಳು. ಈ "ಓ" ಕೇಳೀ ಕೇಳೀ ಒಡಿಲೋನನಿಗೆ ಇಪ್ಪತ್ತೆರಡು ವರ್ಷವಾಗಿತ್ತು, ಆದರೂ ಪ್ರತಿಸಲ ಅದೇ ಜಾಗದಲ್ಲಿ ಚುಚ್ಚುತ್ತಿತ್ತು. "ಹೊಸ ಕಾರ್ಡ್ ಮಾಡಿಸ್ಬೇಕು. ಟೋಕನ್ ತಗೊಂಡು ಕೂತ್ಕೊಳಿ."

ಟೋಕನ್ ಸಂಖ್ಯೆ ಎಂಬತ್ತೇಳು. ನಡೆಯುತ್ತಿದ್ದದ್ದು ಐವತ್ತೆರಡು. ಕೊನೆಗೆ ದೋನಾ ಜುಲ್ಮೀರಾ ಕೌಂಟರಿಗೆ ಹೋಗಿ ಗುಮಾಸ್ತೆಯ ಮುಖವನ್ನೇ ದಿಟ್ಟಿಸಿ, "ನೀನು ಏಳನೇ ಕ್ಲಾಸಲ್ಲಿ ಭಿನ್ನರಾಶಿ ಬರದೆ ಅಳ್ತಾ ನಿಲ್ತಿದ್ದ ಹುಡುಗಿ ಅಲ್ವಾ?" ಎಂದು ಇಡೀ ಕಚೇರಿಗೆ ಕೇಳುವಂತೆ ವಿಚಾರಿಸಿದ ಮೇಲೆ ಕೆಲಸ ಐದು ನಿಮಿಷದಲ್ಲಿ ಮುಗಿಯಿತು.

ಆಗ ಮೂರೂ ನಲವತ್ತು. ಉಪ್ಪಿನ ಕಂಪನಿ ಇದ್ದದ್ದು ಊರಾಚೆ, ಹೆದ್ದಾರಿಯಲ್ಲಿ ಇಪ್ಪತ್ತೈದು ಕಿಲೋಮೀಟರು. ಆ ದಾರಿಯ ಬಗ್ಗೆ ಒಡಿಲೋನ್ ಏನೂ ಹೇಳಲಾರ, ಕಣ್ಣು ಮುಚ್ಚಿಕೊಂಡಿದ್ದ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಡಾಕ್ಟರ್ ಬೆಲಾರ್ಮಿನೊ ಅವರ ಕೋಣೆಯ ಬಾಗಿಲಲ್ಲಿ ನಾಲ್ವರೂ ನಿಂತಿದ್ದರು. ನೆಸ್ತೋರ್ ಇನ್ನೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ.

"ಬಾರಯ್ಯಾ ಒಡಿಲೋನ್!" ಎಂದು ಡಾಕ್ಟರು ಎದ್ದು ನಿಂತರು. "ನಿನ್ನ ದಾಖಲೆ ನೋಡ್ದೆ, ನನಗೆ—"

"ಸರ್, ನೀವು ಏನೂ ಹೇಳ್ಬೇಡಿ. ಮೊದ್ಲು ಇದನ್ನ ನೋಡಿ."

"ಇಲ್ಲ, ನಾನು ಹೇಳೋದು ಕೇಳು. ಅರವತ್ಮೂರು ಪಾಯಿಂಟು ಅಂದ್ರೆ—"

"ಒಂದೂ ನಂದಲ್ಲ ಸರ್! ನೋಟರಿ ಮುದ್ರೆ ಇದೆ, ನೋಡಿ. ಸಾಕ್ಷಿಗಳನ್ನೂ ಕರ್ಕೊಂಡೇ ಬಂದಿದೀನಿ. ನಾನು ಜೀವನದಲ್ಲಿ ಊರೊಳಗೆ ನಲವತ್ತು ದಾಟಿದೋನಲ್ಲ. ನನ್ನ ತಾಯಾಣೆ!"

ಡಾಕ್ಟರು ಪತ್ರಗಳನ್ನು ಒಂದೊಂದಾಗಿ ಓದಿದರು. ಓದುತ್ತಾ ಓದುತ್ತಾ ಮುಖದ ಕೆಂಪು ಇಳಿದು, ತಣ್ಣಗಾದ ಗಂಜಿಯ ಬಣ್ಣ ಬಂತು. ನಿಧಾನಕ್ಕೆ ಕುರ್ಚಿಯಲ್ಲಿ ಕುಸಿದರು.

"ನಲವತ್ತಾ?"

"ಸಾಮಾನ್ಯವಾಗಿ ಮೂವತ್ತೆಂಟು ಸರ್," ಎಂದ ಒಡಿಲೋನ್, ಹೆಮ್ಮೆಯಿಂದ.

"ಅಯ್ಯೋ ದೇವ್ರೇ," ಎಂದು ಡಾಕ್ಟರು ಹಣೆ ಒತ್ತಿಕೊಂಡರು. "ಒಂದು ವಾರದಿಂದ ಯೋಚಿಸ್ತಿದ್ದೆ ಕಣಯ್ಯ. ನಾನು ಗೂಳಿಗೆ ತಿನ್ನಿಸೋ ಉಪ್ಪು ಮಾರೋನು. ನನ್ನ ಕಾರು ಓಡಿಸೋನು ಗೂಳಿ ಥರ ಇರ್ಬೇಕು. ನೀನು ಸಾಧು ಹಸು ಅಂತ ಎಲ್ರೂ ಹೇಳಿದ್ರು. ಬೇಡ ಅಂತ ಬರ್ಯೋಕೆ ಕೂತಿದ್ದೆ. ಅಷ್ಟರಲ್ಲಿ ಈ ದಾಖಲೆ ಬಂತು. ಫುಟ್‌ಪಾತ್ ಹತ್ತಿದಾನೆ! ಹೆಲ್ಮೆಟ್ ಇಲ್ದೆ ನುಗ್ಗಿದಾನೆ! ನೂರಾ ಹದಿನೆಂಟು! ಖುಷಿಗೆ ಮೇಜು ಗುದ್ದಿ ಕೈ ಊದಿದೆ ನೋಡು. ಮೂರು ವರ್ಷದ ಕರಾರು ಬರೆಸಿಟ್ಟಿದ್ದೆ."

ಕರಾರು ಮೇಜಿನ ಮೇಲೆ ಇತ್ತು. ಅದರ ಪಕ್ಕದಲ್ಲಿ ಪೆನ್ನೂ ಇತ್ತು. ಒಡಿಲೋನ್ ಎರಡನ್ನೂ ನೋಡಿದ. ನಾಲ್ಕು ಮಾತು ಕಡಿಮೆ ಆಡಿದ್ದರೆ, ಇಲ್ಲ, ಈ ಮನುಷ್ಯನಿಗೆ ಎರಡು ವಾಕ್ಯ ಪೂರ್ತಿ ಮಾಡಲು ಬಿಟ್ಟಿದ್ದರೆ, ಈ ಹೊತ್ತಿಗೆ ಸಹಿ ಆಗಿರುತ್ತಿತ್ತು. ಬೆಳಗಿನಿಂದ ಓಡಾಡಿ, ಬೇಡಿ, ಮುದ್ರೆ ಒತ್ತಿಸಿ, ತನ್ನ ಕೈಯಾರೆ ತನ್ನ ಸೀಟನ್ನು ಕಿತ್ತುಹಾಕಿಕೊಂಡಿದ್ದ. ಅವನಿಗೆ ಗಟ್ಟಿಯಾಗಿ ಅತ್ತುಬಿಡಬೇಕು ಅನ್ನಿಸಿತು.

"ಸರಿ, ಈ ನೂರಾ ಹದಿನೆಂಟು ಯಾರದ್ದು?" ಎಂದರು ಡಾಕ್ಟರು, ಸೋತ ದನಿಯಲ್ಲಿ.

"ನಂದು," ಎಂದರು ದೋನಾ ಜುಲ್ಮೀರಾ. "ಆರು ಗಂಟೆ ಪೂಜೆಗೆ ತಡ ಆಗಿತ್ತು. ಪಾದ್ರಿ ಯಾರಿಗೂ ಕಾಯಲ್ಲ."

"ಆರೂ ನಿಮ್ದೇನಾ?"

"ಸಿಕ್ಕಿಬಿದ್ದಿದ್ದು ಆರು."

ಡಾಕ್ಟರ್ ಬೆಲಾರ್ಮಿನೊ ಮತ್ತೆ ಎದ್ದು ನಿಂತರು. ಮುಖಕ್ಕೆ ಮತ್ತೆ ಕೆಂಪು ಏರಿತು. ಊದಿದ ಕೈಯಲ್ಲೇ ಇನ್ನೊಮ್ಮೆ ಮೇಜು ಗುದ್ದಿದರು. ಎಪ್ಪತ್ತೊಂದರ ಅಜ್ಜಿ, ಉಪ್ಪಿನ ಮೂಟೆಯ ಮೇಲೆ ಇವರ ಚಿತ್ರ, ಪ್ರತಿ ರೇಸಿಗೆ ಮುಂಚೆ ಕಂಪನಿಯ ಕಾರಿನಲ್ಲಿ ಇವರದೇ ಎರಡು ಸುತ್ತು, ದನದ ಜಾತ್ರೆ ಜಾತ್ರೆಯಲ್ಲೂ ಪ್ರದರ್ಶನ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು.

"ಟ್ರ್ಯಾಕಲ್ಲಿ ಕ್ಯಾಮೆರಾ ಇರಲ್ಲ ತಾನೆ?" ಎಂದು ದೋನಾ ಜುಲ್ಮೀರಾ ವಿಚಾರಿಸಿದರು.

"ನಿಮ್ಮ ಫೋಟೋ ತೆಗಿಯೋ ಕ್ಯಾಮೆರಾ ಮಾತ್ರ ಅಮ್ಮ. ಆದ್ರೆ ಒಂದು ತೊಂದ್ರೆ. ಈ ಪತ್ರ ಹೋದ್ಮೇಲೆ ನಿಮ್ಮ ಲೈಸೆನ್ಸ್ ಹೋಗತ್ತೆ. ಊರೂರಿಗೆ ನಿಮ್ಮನ್ನ ಜೋಪಾನವಾಗಿ ಕರ್ಕೊಂಡು ಹೋಗೋಕೆ ಯಾರಾದ್ರೂ ಬೇಕು. ಲೈಸೆನ್ಸ್ ಚೊಕ್ಕ ಇರೋ..." ಎನ್ನುತ್ತಾ ಡಾಕ್ಟರು ಮಾತು ನಿಲ್ಲಿಸಿ, ಮುದ್ರೆ ಬಿದ್ದ ಪತ್ರಗಳನ್ನು ನೋಡಿದರು. ಆಮೇಲೆ ಒಡಿಲೋನನನ್ನು ನೋಡಿದರು.

ಕರಾರನ್ನು ಎಳೆದುಕೊಂಡರು. ಹೆಸರು ಹಾಗೇ ಇರಲಿ, ಮೂರು ವರ್ಷ ಹಾಗೇ ಇರಲಿ ಎಂದು ಗೊಣಗುತ್ತಾ, "ಪೈಲಟ್" ಎಂಬ ಒಂದು ಪದವನ್ನು ಮಾತ್ರ ಹೊಡೆದು ಹಾಕಿ, ಮೇಲೆ "ಡ್ರೈವರ್" ಎಂದು ಬರೆದರು.

"ಅಭಿನಂದನೆ ಕಣಪ್ಪ!" ಎಂದು ಕ್ಲೊದೊಮೀರ್ ಬೆನ್ನು ತಟ್ಟಿದ. "ಬೆಳಿಗ್ಗೆಯಿಂದ ಸೀಟು ಸೀಟು ಅಂತಿದ್ದೆ, ಸಿಕ್ತಲ್ಲ."

ಮನೆಯ ಖರ್ಚು, ಲಿಂದಾಲ್ವಾಳ ಬಸ್ಸು, ತನ್ನ ನಲವತ್ತಾರು ವರ್ಷ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು, ಒಡಿಲೋನ್ ಪೆನ್ನು ಎತ್ತಿಕೊಂಡ. ದೋನಾ ಜುಲ್ಮೀರಾ ಅವನ ಭುಜದ ಮೇಲಿಂದ ಬಗ್ಗಿ ಕರಾರನ್ನು ಪೂರ್ತಿ ಓದಿದರು.

"ಹಿಂದಿನ ಸೀಟು ಅಂತ ಬರ್ದಿಲ್ಲ ತಾನೆ?" ಎಂದರು. "ನಾನು ಮುಂದೇನೇ ಕೂರ್ತೀನಿ ಮಗಾ. ನಿನಗೆ ಹೇಳ್ಕೊಡೋಕೆ ಯಾರಾದ್ರೂ ಬೇಕಲ್ಲ."