ಚರಂಡಿಗೊಂದು ಕಂಬಳಿ, ನನಗೊಂದು ಸಿಂಹಾಸನ

ಹೆಂಡತಿಯ ಕೋಪವನ್ನು ತಡೆದುಕೊಳ್ಳಬಹುದು, ಅತ್ತೆಯ ಮೌನವನ್ನಲ್ಲ. ಆಚೆ ವರ್ಷದ ಕ್ರಿಸ್‌ಮಸ್‌ಗೆ ನನಗೆ ಎರಡೂ ಒಟ್ಟಿಗೆ ಸಿಕ್ಕವು. ನಮ್ಮ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ, ಮಿಂದ ನೀರು ಮನೆಯ ಪಾಯದ ಪಕ್ಕದ ಚರಂಡಿಯಲ್ಲಿ, ಕೊಳವೆಯೊಳಗೇ ಹೆಪ್ಪುಗಟ್ಟಿ, ವಾಪಸ್ಸು ಬಂದು ಅತ್ತೆ ಇಂಪಿಯವರ ಪಾದಪೂಜೆ ಮಾಡಿತು. ಹಬ್ಬದ ದಿನ ಸೌನಾ ಇಲ್ಲದ ಮನೆ ಫಿನ್ಲೆಂಡಿನಲ್ಲಿ ಮನೆಯೇ ಅಲ್ಲ. ಟವೆಲು ಹೆಗಲಿಗೇರಿಸಿ ಪಕ್ಕದ ಮನೆ ತೌನೊನ ಸೌನಾಕ್ಕೆ ಮೆರವಣಿಗೆ ಹೊರಟೆವು.

"ಇನ್ನೊಂದ್ಸಲ ಹಿಂಗಾದ್ರೆ ನಾನು ಹಬ್ಬಕ್ಕೆ ತವರಿಗೇ ಹೋಗ್ತೀನಿ. ನೀವು ಆ ಪೈಪ್ ಜೊತೆ ಹಬ್ಬ ಮಾಡ್ಕೊಳ್ಳಿ," ಎಂದಳು ಹೆಂಡತಿ ಹೆಲ್ಕಾ.

ಬೇಸಿಗೆ ಬಂದದ್ದೇ ದಪ್ಪನೆಯ ಥರ್ಮೋಕೋಲ್ ಹಲಗೆಗಳನ್ನು ತಂದೆ. ಕೊಳವೆಯ ಮೇಲೆ ಇವನ್ನು ಹೊದಿಸಿ ಮಣ್ಣು ಮುಚ್ಚಿದರೆ ಚಳಿ ಕೆಳಗಿಳಿಯುವುದಿಲ್ಲ.

"ಅಕ್ಕಪಕ್ಕದವರನ್ನ ಕರೀರಿ," ಎಂದಳು ಹೆಲ್ಕಾ.

"ಯಾಕೆ? ಭಗೀರಥ ಯಾರನ್ನ ಕರೆದಿದ್ದ?"

ಈ ಭಗೀರಥ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಸೊಂಟ ಹಿಡಿಯಿತು. ತಲೆಯೆತ್ತಿದರೆ ಸಲಿಕೆ ಹಿಡಿದು ನಿಂತಿದ್ದಾನೆ ತೌನೊ.

"ಏನಾಗ್ಬೇಕಿತ್ತು?"

"ಏನಿಲ್ಲ," ಎಂದವನೇ ಚರಂಡಿಗಿಳಿದ.

ಅವನ ಹಿಂದೆಯೇ ಬೀದಿಯವರೆಲ್ಲ ಬಂದರು. ನಮ್ಮೂರ ಮುಯ್ಯಾಳು ಹೀಗೆಯೇ: ಯಾರೂ ಕರೆಯುವುದಿಲ್ಲ, ಸಲಿಕೆಯ ಸದ್ದು ಕೇಳಿದರೆ ಸಾಕು. ಕೂಲಿಯೆಂದರೆ ಬಟಾಣಿ ಸಾರು ಮತ್ತು ಕಾಫಿ.

ಆದರೆ ಅಷ್ಟರಲ್ಲಿ ನನ್ನೊಳಗೊಬ್ಬ ವಿಜ್ಞಾನಿ ಎಚ್ಚೆತ್ತಿದ್ದ. (ನಮ್ಮ ಪಾಯಿಖಾನೆ ಅಂಗಳದ ತುದಿಯಲ್ಲಿರುವ ಮರದ ಗೂಡು. ಚಳಿಗಾಲದಲ್ಲಿ ಆ ಮರದ ಮೇಲೆ ಕೂತವನೇ ಬಲ್ಲ. ಅದೇ ಥರ್ಮೋಕೋಲಿನಲ್ಲಿ ತೂತು ಕೊರೆದರೆ, ಕೂತ ಕ್ಷಣವೇ ಬೆಚ್ಚಗೆ!) ಒಂದು ಹಲಗೆ ಮೆಲ್ಲನೆ ಗೂಡಿಗೆ ದಾಟಿತು.

"ಮೂಲೇಲಿ ಒಂದು ಹಲಗೆ ಕಮ್ಮಿ ಬಿತ್ತಲ್ಲ, ಓಸ್ಮೊ?" ಎಂದ ತೌನೊ.

"ಇರ್ಲಿ ಬಿಡಪ್ಪಾ, ಅಲ್ಲಿ ಬಿಸಿಲು ಬೀಳತ್ತೆ."

ತೌನೊ ಗೂಡನ್ನು ನೋಡಿದ, ನನ್ನನ್ನು ನೋಡಿದ, ಕಾಫಿ ಕುಡಿದ.

ಕ್ರಿಸ್‌ಮಸ್ ಬಂತು, ಅತ್ತೆಯೂ ಬಂದರು. ಸೌನಾ ಕಾದಿತ್ತು. ಪರೀಕ್ಷೆಗೆಂದು ಒಂದು ಬಕೆಟ್ ನೀರು ಸುರಿದೆ. ಗುಳುಗುಳು ಎಂದು ಅದು ವಾಪಸ್ಸು ಬಂತು! ಅತ್ತೆ ಮೌನ ಆರಂಭಿಸಿದರು. ಹೆಲ್ಕಾ ಬೈಯಲಿಲ್ಲ, ಪಾಯಿಖಾನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ನನ್ನ ಸಿಂಹಾಸನ.

"ರೀ, ಇದೆಲ್ಲಿಂದ ಬಂತು?"

"ಅದು... ಸ್ವಲ್ಪ ಮಿಕ್ಕಿತ್ತು ಕಣೇ."

"ಮಿಕ್ಕಿತ್ತಾ? ನಮ್ಮಮ್ಮ ಮೀಯೋ ನೀರಿನ ಕಂಬಳಿ ಕಿತ್ತು ನಿಮ್ಮ ಅಂಡಿನ ಕೆಳಗೆ ಹಾಸ್ಕೊಂಡ್ರಾ? ನಡಿಯಮ್ಮ, ಹೋಗೋಣ!"

ಅತ್ತೆ ಕೋಟಿಗೆ ಕೈ ತೂರಿಸಿಯೇಬಿಟ್ಟರು. ಅಷ್ಟರಲ್ಲಿ ಎರಡು ಬಕೆಟ್ ಕುದಿನೀರು ಹಿಡಿದು ಬಂದ ತೌನೊ, ಯಾರನ್ನೂ ಕೇಳದೆ ಕೊಳವೆಗೆ ಸುರಿದ. ಮತ್ತೆ ಹೋಗಿ ತಂದ, ಮತ್ತೆ ಸುರಿದ. ಕಡೆಗೆ ಗುಳುಕ್ ಎಂದು ನೀರು ಇಳಿಯಿತು. ಹೆಲ್ಕಾಳ ಕೈಯಿಂದ ಪೀಠ ತೆಗೆದುಕೊಂಡು ಆ ಮೂಲೆಯ ನೆಲದ ಮೇಲಿಟ್ಟ.

"ಇದರ ಮೇಲೆ ಹಿಮ ಪೇರಿಸಿದ್ರೆ ವಸಂತದವರೆಗೂ ತಡೆಯತ್ತೆ. ಆದ್ರೆ ಈ ತೂತು..."

ಹೆಲ್ಕಾ ನನ್ನ ತಲೆಯಿಂದ ಉಣ್ಣೆಯ ಟೋಪಿ ಕಿತ್ತು ತೂತಿಗೆ ತುರುಕಿದಳು.

ಸ್ವಲ್ಪ ಹೊತ್ತಿಗೆ ಸೌನಾದೊಳಗಿಂದ ಅತ್ತೆಯ ದನಿ ಕೇಳಿತು: "ಓಸ್ಮೊ, ಹದವಾಗಿ ಕಾದಿದೆ ಕಣಪ್ಪಾ." ನನ್ನ ಕಣ್ಣು ತುಂಬಿ ಬಂತು. ತೌನೊನ ಎರಡೂ ಕೈ ಹಿಡಿದುಕೊಂಡೆ.

"ನಿನ್ನ ಋಣ ತೀರಿಸೋಕಾಗಲ್ಲ ಮಾರಾಯ. ಇವತ್ತು ನೀರು ಕಟ್ಟತ್ತೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

"ನಮ್ಮನೇ ಪಾಯಿಖಾನೇಲೂ ಅಂಥದ್ದೇ ಪೀಠ ಇದೆ," ಎಂದ ತೌನೊ. "ಆದ್ರೆ ನಾನು ಒಂದು ಹಲಗೆ ಜಾಸ್ತಿ ತಂದಿದ್ದೆ."